ಪಕ್ಕದವರ ಮರ, ನಮ್ಮ ಮನೆಯ ನೋಟ: ಕಾನೂನು ಎಲ್ಲಿಯವರೆಗೆ ಬರುತ್ತದೆ?

ಮೈಸೂರಿನಲ್ಲಿ ಮನೆ ಕಟ್ಟಿಸುವ ಅನೇಕರಿಗೆ ಒಂದು ಆಸೆ: ಮಹಡಿಯ ಮೇಲೆ ನಿಂತರೆ ಚಾಮುಂಡಿ ಬೆಟ್ಟ ಕಾಣಬೇಕು. ಬಾಲ್ಕನಿಯನ್ನು ಆ ದಿಕ್ಕಿಗೇ ಬಿಡಿಸುತ್ತಾರೆ. ಪಕ್ಕದ ಸೈಟು ಖಾಲಿ ಇರುವವರೆಗೆ ಎಲ್ಲವೂ ಚೆನ್ನ. ಅಲ್ಲೊಂದು ಮನೆ ಎದ್ದು, ಅವರು ಹಿತ್ತಲಲ್ಲಿ ನೆಟ್ಟ ಮಾವು ಮಹಡಿಯೆತ್ತರಕ್ಕೆ ಬೆಳೆದರೆ ಬೆಟ್ಟ ಮರೆಯಾಗುತ್ತದೆ. ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿ ಕಡೆ ಇದೇ ತಕರಾರು ದುಡ್ಡಿನ ತಕರಾರೂ ಆಗುತ್ತದೆ. ಹೋಂಸ್ಟೇಗೆ ಜನ ಬರುವುದೇ ಕಣಿವೆ ನೋಡಲು. ಬೇಲಿಯಾಚೆಯ ತೋಟದವರು ಸಾಲಾಗಿ ಹಾಕಿದ ಸಿಲ್ವರ್ ಓಕ್ ಎದ್ದು ನಿಂತರೆ ಕಣಿವೆಯೂ ಹೋಯಿತು, ಬುಕಿಂಗೂ ಹೋಯಿತು.

ಆಗ ಎಲ್ಲರೂ ವಕೀಲರನ್ನು ಕೇಳುವ ಪ್ರಶ್ನೆ ಒಂದೇ, "ಸಾರ್, ಆ ಮರ ತೆಗೆಸೋಕಾಗುತ್ತಾ?" ನೋಟಕ್ಕೆ ಅಡ್ಡ ಬಂತು ಎಂಬ ಒಂದೇ ಕಾರಣಕ್ಕೆ ಆಗುವುದಿಲ್ಲ. ಹಾಗೆಂದು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಅದೇ ಮರದ ಬಗ್ಗೆ ಕಾನೂನು ಕಿವಿಗೊಡುವ ಬೇರೆ ದೂರುಗಳು ಇರಬಹುದು: ಕಿಟಕಿಗೆ ಬೆಳಕು ಬರುತ್ತಿಲ್ಲ, ಬೇರು ಕಾಂಪೌಂಡನ್ನು ಸೀಳುತ್ತಿದೆ, ಕೊಂಬೆ ನಮ್ಮ ಹೆಂಚಿನ ಮೇಲೆ ಒರಗಿದೆ, ಮರ ವಾಲಿ ಇಂದೋ ನಾಳೆಯೋ ಬೀಳುವಂತಿದೆ. ಯಾವುದು ನಮ್ಮ ನಿಜವಾದ ದೂರು ಎಂದು ಮೊದಲು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಬಹಳಷ್ಟು ಜನ ಸೋಲುವುದು ತಪ್ಪು ದೂರನ್ನು ತಪ್ಪು ಕಚೇರಿಗೆ ಒಯ್ದು.

ನೋಟಕ್ಕೆ ಹಕ್ಕು ಏಕಿಲ್ಲ?

ಈ ನಿಯಮಕ್ಕೆ ನಾಲ್ಕು ನೂರು ವರ್ಷ ದಾಟಿದೆ. 1610ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಆಲ್ಡ್ರೆಡ್ ಎಂಬಾತ ನೆರೆಯವನ ಹಂದಿ ಕೊಟ್ಟಿಗೆಯ ವಿರುದ್ಧ ದಾವೆ ಹೂಡಿದ. ನ್ಯಾಯಾಲಯ ಅವನ ಪರ ನಿಂತಿತು. ಆದರೆ ಆ ತೀರ್ಪಿನಲ್ಲೇ ಒಂದು ಗೆರೆ ಎಳೆಯಿತು. ಗಾಳಿ, ಬೆಳಕು ಬದುಕಿಗೆ ಬೇಕಾದವು, ಅವನ್ನು ತಡೆದರೆ ದಾವೆ ಹಾಕಬಹುದು. ಚೆಂದದ ನೋಟ ಮನಸ್ಸಿನ ಖುಷಿಗೆ ಸೇರಿದ್ದು, ಅದು ಮುಚ್ಚಿಹೋಯಿತೆಂದು ದಾವೆ ಇಲ್ಲ. ಬ್ರಿಟಿಷರ ಕಾಲದಿಂದ ನಮ್ಮ ನ್ಯಾಯಾಲಯಗಳೂ ಇದೇ ದಾರಿಯಲ್ಲಿ ನಡೆದಿವೆ. ಐವತ್ತು ವರ್ಷ ಬೆಟ್ಟ ನೋಡಿಕೊಂಡು ಬಂದಿದ್ದೇವೆ ಎಂದರೂ ಆ ನೋಟ ನಮ್ಮ ಹಕ್ಕಾಗುವುದಿಲ್ಲ.

ನನ್ನ ಮಟ್ಟಿಗೆ ಇದು ಸರಿಯಾದ ನಿಯಮ. ಮೊದಲು ಮನೆ ಕಟ್ಟಿದವರಿಗೆಲ್ಲ ನೋಟದ ಹಕ್ಕು ಸಿಕ್ಕಿದರೆ ಅವರ ಮುಂದಿನ ಜಮೀನಿನಲ್ಲಿ ಯಾರೂ ಗಿಡ ನೆಡುವಂತಿಲ್ಲ, ಮಹಡಿ ಏರಿಸುವಂತಿಲ್ಲ.

ಒಂದು ದಾರಿ ಮಾತ್ರ ತೆರೆದಿದೆ, ಬರವಣಿಗೆಯ ಒಪ್ಪಂದ. ಇಂತಿಷ್ಟು ಎತ್ತರಕ್ಕಿಂತ ಮರ ಬೆಳೆಸುವುದಿಲ್ಲ ಎಂದು ಪಕ್ಕದವರು ಒಪ್ಪಿ ಬರೆದುಕೊಟ್ಟರೆ, ಅಥವಾ ಸೈಟು ಮಾರಿದವರು ಕ್ರಯಪತ್ರದಲ್ಲೇ ಅಂಥ ಷರತ್ತು ಹಾಕಿದ್ದರೆ, ಅದನ್ನು ನ್ಯಾಯಾಲಯದಲ್ಲಿ ಜಾರಿಗೆ ತರಬಹುದು. ಆಸ್ತಿ ವರ್ಗಾವಣೆ ಕಾಯ್ದೆಯ 40ನೇ ಕಲಂ ಪ್ರಕಾರ, ಷರತ್ತಿನ ವಿಷಯ ತಿಳಿದೂ ಆಸ್ತಿ ಕೊಂಡ ಮುಂದಿನ ಮಾಲೀಕರ ಮೇಲೂ ಅದು ಹಿಡಿತ ಸಾಧಿಸುತ್ತದೆ. ಹಾಗಾಗಿ ಬಾಯಿಮಾತಿಗೆ ನಿಲ್ಲಿಸದೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಮುಂದೆ ಆ ಜಾಗ ಕೊಳ್ಳುವವರು "ನಮಗೆ ಗೊತ್ತಿರಲಿಲ್ಲ" ಎನ್ನಲು ಆಗಬಾರದು. ಕೆರೆ ಕಾಣುತ್ತದೆ, ಬೆಟ್ಟ ಕಾಣುತ್ತದೆ ಎಂದು ಜಾಹೀರಾತು ಕೊಟ್ಟು ಫ್ಲ್ಯಾಟ್ ಮಾರಿದ ಬಿಲ್ಡರ್ ತಾನೇ ಆ ನೋಟ ಮುಚ್ಚಿದರೆ ಮಾತು ಬೇರೆ. 2016ರ ರೇರಾ ಕಾಯ್ದೆಯ 12ನೇ ಕಲಂ ಸುಳ್ಳು ಜಾಹೀರಾತನ್ನು ನಂಬಿ ಹಣ ಕಟ್ಟಿ ನಷ್ಟಪಟ್ಟವರಿಗೆ ಪರಿಹಾರ ಕೇಳುವ ಅವಕಾಶ ಕೊಡುತ್ತದೆ.

ಬೆಳಕಿನ ಮಾತೇ ಬೇರೆ

ನೋಟಕ್ಕೆ ಸಿಗದ ರಕ್ಷಣೆ ಬೆಳಕಿಗೆ ಸಿಗುತ್ತದೆ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 15ನೇ ಕಲಂ ಹೇಳುವುದು ಇಷ್ಟು: ಒಂದು ಕಟ್ಟಡಕ್ಕೆ ಗಾಳಿ ಬೆಳಕು 20 ವರ್ಷ ನಿರಂತರವಾಗಿ, ತಂಟೆ ತಕರಾರಿಲ್ಲದೆ ಬರುತ್ತಿದ್ದರೆ ಅದು ಆ ಕಟ್ಟಡದ ಹಕ್ಕಾಗುತ್ತದೆ. ಎದುರಿಗಿರುವುದು ಸರ್ಕಾರಿ ಜಾಗವಾದರೆ 30 ವರ್ಷ. ಪಕ್ಕದವರ ಅನುಮತಿ ಪಡೆದು ಕಿಟಕಿ ಇಟ್ಟಿದ್ದರೆ ಈ ಲೆಕ್ಕ ನಡೆಯುವುದಿಲ್ಲ.

ಇಲ್ಲಿ ಜನ ಎಡವುವ ಜಾಗಗಳು ಹಲವು. ಈ ಹಕ್ಕು ಕಟ್ಟಡಕ್ಕೆ ಮಾತ್ರ, ಬಯಲಿಗೆ ಇಲ್ಲ. 17ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ಬದುವಿನ ಮೇಲೆ ಪಕ್ಕದ ಹೊಲದವರು ಹಾಕಿದ ನೀಲಗಿರಿಯ ನೆರಳಿಗೆ ನಮ್ಮ ರಾಗಿ ಬಡವಾಯಿತು ಎಂದು ಎಷ್ಟೇ ವರ್ಷದ ಬಿಸಿಲನ್ನು ಲೆಕ್ಕ ತೋರಿಸಿದರೂ ಈ ಕಾಯ್ದೆಯಡಿ ಪ್ರಯೋಜನವಿಲ್ಲ. ಇನ್ನು ಕಟ್ಟಡದ ವಿಷಯಕ್ಕೆ ಬಂದರೆ, ಬೆಳಕು ಸ್ವಲ್ಪ ಕಡಿಮೆಯಾದರೆ ಸಾಲದು. 33ನೇ ಕಲಂ ಪ್ರಕಾರ ವಾಸಕ್ಕೆ ನಿಜವಾದ ತೊಂದರೆ ಆಗಿರಬೇಕು, ಇಲ್ಲವೇ ಅಲ್ಲಿ ನಡೆಸುತ್ತಿದ್ದ ಕಸುಬಿಗೆ ಪೆಟ್ಟು ಬಿದ್ದಿರಬೇಕು. ಹಗಲು ಹನ್ನೆರಡಕ್ಕೂ ಅಡುಗೆಮನೆಯಲ್ಲಿ ದೀಪ ಹಾಕಬೇಕಾದ ಸ್ಥಿತಿ ಬಂದಿದೆ ಎನ್ನಿ, ಆಗ ವಾದಕ್ಕೆ ತೂಕ ಬರುತ್ತದೆ.

ಗೋಡೆಯಾದರೆ ಎದ್ದ ದಿನ ಗೊತ್ತಾಗುತ್ತದೆ. ಮರ ಸದ್ದಿಲ್ಲದೆ ಬೆಳೆಯುತ್ತದೆ. ಬೆಳಕು ಎಂದು ಕಡಿಮೆಯಾಯಿತು ಎಂದು ತೋರಿಸುವುದು ಕಷ್ಟ. ಅಡ್ಡಿ ಬಂದದ್ದು ತಿಳಿದೂ ಒಂದು ವರ್ಷ ಸುಮ್ಮನಿದ್ದರೆ ಕಾಯ್ದೆ ಅದನ್ನು ಒಪ್ಪಿಗೆ ಎಂದು ಎಣಿಸಬಹುದು. 20 ವರ್ಷದ ಅವಧಿಯೂ ದಾವೆ ಹೂಡುವುದಕ್ಕೆ ಹಿಂದಿನ ಎರಡು ವರ್ಷಗಳೊಳಗೆ ಮುಗಿದಿರಬೇಕು. ಆದ್ದರಿಂದ ಕಿಟಕಿಯ ಒಳಗಿನಿಂದ, ಒಂದೇ ಜಾಗದಲ್ಲಿ ನಿಂತು, ಆರು ತಿಂಗಳಿಗೊಮ್ಮೆ ತೆಗೆದ ತಾರೀಖಿನ ಫೋಟೋಗಳಿದ್ದರೆ ನಾಳೆ ವಕೀಲರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಛಾವಣಿಯ ಮೇಲಿನ ಸೋಲಾರ್ ಹೀಟರಿಗೆ, ಫಲಕಕ್ಕೆ ನೆರಳು ಬೀಳುತ್ತದೆ ಎಂಬ ದೂರು ಈಗ ಹೆಚ್ಚುತ್ತಿದೆ. ಈ ಬಿಸಿಲನ್ನು ಕಾಯುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1978ರಿಂದ ಇದೆ. ಅಲ್ಲಿ, ಕನ್ನಡಿಗರೂ ಬಹಳ ಮಂದಿ ನೆಲೆಸಿರುವ ಸನ್ನಿವೇಲ್‌ನಲ್ಲಿ, ಪಕ್ಕದವರ ಫಲಕಗಳಿಗೆ ನೆರಳು ಮಾಡಿದ ರೆಡ್‌ವುಡ್ ಮರಗಳ ಪ್ರಕರಣ ದೊಡ್ಡ ಸುದ್ದಿಯಾಯಿತು. ಫಲಕ ಕೂರಿಸುವ ಮೊದಲೇ ನೆಟ್ಟ ಮರಗಳಿಗೆ ಆ ಕಾನೂನು ತಟ್ಟದಂತೆ 2008ರಲ್ಲಿ ತಿದ್ದುಪಡಿ ಬಂತು. ಓಕ್‌ಲ್ಯಾಂಡ್, ಬರ್ಕ್ಲಿಯಂಥ ಊರುಗಳಲ್ಲಿ ನೋಟ ಉಳಿಸಿಕೊಳ್ಳಲೆಂದೇ ನಗರಾಡಳಿತದ ನಿಯಮಗಳಿವೆ. ಅಲ್ಲಿರುವ ಬಂಧುಗಳ ಅನುಭವ ಕೇಳಿ ಇಲ್ಲಿಯೂ ಹಾಗೆಯೇ ಎಂದುಕೊಳ್ಳಬೇಡಿ. ನಮ್ಮಲ್ಲಿ ಫಲಕ ಹಾಕಿಸುವ ಮುನ್ನವೇ ಸುತ್ತಲಿನ ಮರಗಳು ಎಷ್ಟು ಬೆಳೆಯಬಲ್ಲವು ಎಂದು ನೋಡಿ ಜಾಗ ಆರಿಸುವುದೊಂದೇ ಉಪಾಯ.

ಗಡಿ ದಾಟಿದ ಕೊಂಬೆ, ಗಡಿ ದಾಟಿದ ಬೇರು

ಮರ ಯಾರದು ಎಂಬುದನ್ನು ಬುಡ ಹೇಳುತ್ತದೆ. ಬುಡ ಪಕ್ಕದವರ ನೆಲದಲ್ಲಿದ್ದರೆ ಮರ ಅವರದು, ನಮ್ಮ ಕಡೆ ಚಾಚಿದ ಕೊಂಬೆಯ ಹಣ್ಣೂ ಅವರದೇ. ಬುಡ ಎಲ್ಲಿದೆ ಎಂಬುದರಲ್ಲೇ ತಕರಾರಿದ್ದರೆ ಮೊದಲು ಕ್ರಯಪತ್ರದ ಚಕ್ಕುಬಂದಿ ನೋಡಿ. ಜಮೀನಾದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆಯವರಿಂದ ಗಡಿ ಗುರುತು ಮಾಡಿಸಿ. ಬುಡ ಗಡಿಯ ಮೇಲೇ ಇದ್ದರೆ, ಇಬ್ಬರೂ ಒಪ್ಪದೆ ಒಬ್ಬರೇ ಕೈಹಾಕದಿರುವುದು ಕ್ಷೇಮ.

ಗಡಿ ದಾಟಿ ಬಂದ ಕೊಂಬೆಯನ್ನು ನಮ್ಮ ನೆಲದಲ್ಲಿ ನಿಂತು, ಗಡಿಯವರೆಗೆ ಕತ್ತರಿಸಬಹುದೆಂದು 1894ರಲ್ಲಿ ಲೆಮನ್ ಮತ್ತು ವೆಬ್ ಎಂಬ ನೆರೆಯವರ ಪ್ರಕರಣದಲ್ಲಿ ಇಂಗ್ಲೆಂಡಿನ ಲಾರ್ಡ್ಸ್ ಸಭೆ ತೀರ್ಪು ಕೊಟ್ಟಿತು. ಎಷ್ಟು ವರ್ಷದಿಂದ ಚಾಚಿಕೊಂಡಿದ್ದರೂ ಕೊಂಬೆಗೆ ಅಲ್ಲಿರುವ ಹಕ್ಕು ಬರುವುದಿಲ್ಲ. ನಮ್ಮ ವಕೀಲರು ಇಂದಿಗೂ ಉದಾಹರಿಸುವ ತೀರ್ಪು ಇದು. ಆದರೆ ಇದನ್ನು ಓದಿದ ಕೂಡಲೇ ಮಚ್ಚು ಹಿಡಿಯಬೇಡಿ. ಗಡಿಯಿಂದಾಚೆ ಒಂದು ಗೇಣು ಹೋದರೂ, ಕಾಂಪೌಂಡು ಹತ್ತಿ ಅವರ ನೆಲಕ್ಕೆ ಇಳಿದರೂ ಅತಿಕ್ರಮ ಪ್ರವೇಶದ, ನಷ್ಟ ಉಂಟುಮಾಡಿದ ಆರೋಪ ನಮ್ಮ ಮೇಲೇ ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 329 ಮತ್ತು 324ನೇ ಕಲಂಗಳು ಇದಕ್ಕೇ ಇರುವುದು. ಬೆಳಕಿನ ಹಕ್ಕನ್ನು ಸಾಧಿಸಲು ಮರಕ್ಕೆ ನಾವೇ ಕೈಹಾಕುವಂತೆಯೂ ಇಲ್ಲ. ಈಸ್‌ಮೆಂಟ್ ಕಾಯ್ದೆಯ 36ನೇ ಕಲಂ ಅದನ್ನು ನೇರವಾಗಿ ತಡೆಯುತ್ತದೆ, ನ್ಯಾಯಾಲಯಕ್ಕೇ ಹೋಗಬೇಕು. ಬೇರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದು ಬದಿಯ ದಪ್ಪ ಬೇರುಗಳನ್ನು ಕಡಿದ ಮರ ಮುಂದಿನ ಗಾಳಿಮಳೆಗೆ ಉರುಳಿದರೆ ಹೊಣೆ ಕಡಿದವರ ತಲೆಗೇ ಕಟ್ಟಿಕೊಳ್ಳುತ್ತದೆ.

ಅನುಮತಿ ಯಾರಿಂದ?

ಕರ್ನಾಟಕದಲ್ಲಿ ಮರದ ಮಾಲೀಕರಿಗೂ ಪೂರ್ತಿ ಸ್ವಾತಂತ್ರ್ಯವಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ 8ನೇ ಕಲಂ ಪ್ರಕಾರ, ಸ್ವಂತ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಸುಡುವುದು, ಬೇರೆ ರೀತಿಯಲ್ಲಿ ಮರವನ್ನು ಹಾಳುಮಾಡುವುದು ಕೂಡ ಇದರಡಿ ಕಡಿದಂತೆಯೇ. ಆದ್ದರಿಂದ ದೊಡ್ಡ ಕೊಂಬೆಗಳನ್ನು ಸವರುವ ಮೊದಲೂ ಬರವಣಿಗೆಯಲ್ಲಿ ಕೇಳುವುದು ಒಳ್ಳೆಯದು. ಬೆಂಗಳೂರಿನಲ್ಲಿ ಪಾಲಿಕೆಯ ಅರಣ್ಯ ವಿಭಾಗ, ಉಳಿದೆಡೆ ಅರಣ್ಯ ಇಲಾಖೆಯ ಕಚೇರಿ ವಿಚಾರಿಸಿ. ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯವಾಗಿದ್ದರೆ ಅನುಮತಿ ಸಿಗುತ್ತದೆ. ನೋಟಕ್ಕೆ ಅಡ್ಡಿ ಎಂಬುದು ಆ ಕಾರಣಗಳ ಪಟ್ಟಿಯಲ್ಲಿಲ್ಲ. ತೆಂಗು, ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ಸುಬಾಬುಲ್‌ನಂಥ ಕೆಲವು ಜಾತಿಗಳಿಗೆ ಈ ಅನುಮತಿಯ ವಿನಾಯಿತಿ ಇದೆ. ಪಟ್ಟಿ ತಿದ್ದುಪಡಿಯಾಗುತ್ತಾ ಬಂದಿರುವುದರಿಂದ ಕಚೇರಿಯಲ್ಲೊಮ್ಮೆ ಕೇಳಿಕೊಳ್ಳಿ. ಶ್ರೀಗಂಧ, ಬೀಟೆಗೆ ನಿಯಮಗಳೇ ಬೇರೆ. ಕೊಡಗಿನ ಕೆಲವು ಬಾಣೆ ಜಮೀನುಗಳಲ್ಲಂತೂ ಮರದ ಹಕ್ಕು ಸರ್ಕಾರದ್ದು.

ಮನೆಯ ಮುಂದಿನ ಫುಟ್‌ಪಾತಿನ ಮರ ಸಾರ್ವಜನಿಕರದು. ಅಂಗಡಿಯ ಬೋರ್ಡು ಕಾಣುತ್ತಿಲ್ಲವೆಂದು ಅದರ ಬುಡಕ್ಕೆ ಆ್ಯಸಿಡ್ ಸುರಿಯುವುದು, ಸುತ್ತಲೂ ತೊಗಟೆ ಸುಲಿಯುವುದು ನೀಚ ಕೆಲಸ, ಅಪರಾಧವೂ ಹೌದು. ವಿದ್ಯುತ್ ತಂತಿಗೆ ತಾಗುವ ಕೊಂಬೆಯನ್ನು ಯಾರೂ ತಾವಾಗಿ ಮುಟ್ಟಬಾರದು, ಬೆಸ್ಕಾಂ ವ್ಯಾಪ್ತಿಯಲ್ಲಾದರೆ 1912ಕ್ಕೆ ಕರೆ ಮಾಡಿ. ಯಾವ ಮರ ಸವರುವ ಮುನ್ನವೂ ಗೂಡುಗಳಿವೆಯೇ ನೋಡಿ. ಕಾಡುಹಕ್ಕಿಗಳ ಗೂಡು, ಮೊಟ್ಟೆ ಕೆಡಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂದೇ ಕರೆಯುತ್ತದೆ. ಮರಿಗಳು ಹಾರಿಹೋಗುವವರೆಗೆ ಕಾಯುವುದರಿಂದ ಯಾರ ಮನೆಯೂ ಮುಳುಗುವುದಿಲ್ಲ.

ಬೀಳುವಂತಿರುವ ಮರ

ದೂರುಗಳಲ್ಲೆಲ್ಲ ಬಲವಾದದ್ದು ಇದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 133) ಪ್ರಕಾರ, ಬಿದ್ದು ನೆರೆಹೊರೆಯವರಿಗೋ ದಾರಿಹೋಕರಿಗೋ ಗಾಯ ಮಾಡುವ ಸ್ಥಿತಿಯಲ್ಲಿರುವ ಮರವನ್ನು ತೆಗೆಯಲು ಅಥವಾ ಆಸರೆ ಕೊಡಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಮಾಲೀಕರಿಗೆ ಆದೇಶಿಸಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಇದು ಉಪವಿಭಾಗಾಧಿಕಾರಿ, ಜನರ ಬಾಯಲ್ಲಿ ಎ.ಸಿ. ಸಾಹೇಬರು. ಸಿವಿಲ್ ದಾವೆಗಿಂತ ಇದು ಬೇಗ ಆಗುವ ಕೆಲಸ. ಪೊಲೀಸ್ ಠಾಣೆಗೆ ಹೋದರೆ ಇದು ಸಿವಿಲ್ ವ್ಯಾಜ್ಯ ಎಂದು ಹಿಂಬರಹ ಕೊಟ್ಟು ಕಳಿಸುವ ಸಾಧ್ಯತೆಯೇ ಹೆಚ್ಚು. ನೆನಪಿರಲಿ, ನೋಟಕ್ಕಾಗಿ ಮರ ತೆಗೆಸಬೇಕೆಂಬ ಮನಸ್ಸಿನಿಂದ ಗಟ್ಟಿಮುಟ್ಟಾದ ಮರವನ್ನು ಅಪಾಯಕಾರಿ ಎಂದು ಬರೆದುಕೊಡಬಾರದು. ಅಧಿಕಾರಿಗಳು ಸ್ಥಳಕ್ಕೆ ಬಂದು ನೋಡುತ್ತಾರೆ, ಆಮೇಲೆ ನಿಮ್ಮ ನಿಜವಾದ ದೂರನ್ನೂ ಯಾರೂ ನಂಬುವುದಿಲ್ಲ.

ಮರ ಬಿದ್ದು ನಷ್ಟವಾದ ಮೇಲೆ ಪರಿಹಾರ ಸಿಗುವುದು ಮುಖ್ಯವಾಗಿ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಅಪಾಯವಿದೆ ಎಂದು ಮಾಲೀಕರಿಗೆ ಗೊತ್ತಿತ್ತೆ, ಗೊತ್ತಾಗಬೇಕಿತ್ತೆ? ಹೊರಗಿನಿಂದ ಆರೋಗ್ಯವಾಗಿ ಕಾಣುತ್ತಿದ್ದ ಮರ ಬಿರುಗಾಳಿಗೆ ಉರುಳಿದರೆ ಅದು ದೈವಾಧೀನ ಎಂದು ಅವರು ವಾದಿಸುತ್ತಾರೆ. ಆ ವಾದದ ಬಾಯಿ ಮುಚ್ಚಿಸುವುದು ನೀವು ಮೊದಲೇ ಕೊಟ್ಟ ಒಂದು ಪತ್ರ. ಹೀಗೆ ಬರೆದರೆ ಸಾಕು:

"ಮಾನ್ಯರೇ, ನಿಮ್ಮ ನಿವೇಶನದಲ್ಲಿ ನಮ್ಮ ಕಾಂಪೌಂಡಿಗೆ ಹೊಂದಿಕೊಂಡಿರುವ ತೆಂಗಿನ ಮರ ನಮ್ಮ ಮನೆಯ ಕಡೆ ವಾಲಿದೆ. ಕಳೆದ ತಿಂಗಳು ಒಣಗರಿ ಮತ್ತು ಎರಡು ಕಾಯಿ ನಮ್ಮ ಅಡುಗೆಮನೆಯ ಹೆಂಚಿನ ಮೇಲೆ ಬಿದ್ದು ನಾಲ್ಕು ಹೆಂಚು ಒಡೆದಿವೆ. ಫೋಟೋ ಲಗತ್ತಿಸಿದೆ. ಮಳೆಗಾಲಕ್ಕೆ ಮುಂಚೆ ಕಾಯಿ, ಗರಿ ಇಳಿಸಿ, ಮರದ ಸ್ಥಿತಿಯನ್ನು ತಿಳಿದವರಿಂದ ಪರೀಕ್ಷೆ ಮಾಡಿಸಬೇಕೆಂದು ಕೋರುತ್ತೇನೆ."

ಬೈಗುಳ ಬೇಡ, ಹಳೆಯ ಜಗಳಗಳ ಪಟ್ಟಿ ಬೇಡ. ತಾರೀಖು ಹಾಕಿ, ಕೈಯಲ್ಲೇ ಕೊಟ್ಟರೆ ನಕಲಿನ ಮೇಲೆ ಸಹಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀತಿ ಇಟ್ಟುಕೊಳ್ಳಿ.

ಕೋರ್ಟಿಗೆ ಮೊದಲು

ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳಬಹುದು, ಅಡ್ಡಿ ತೆಗೆಸುವ ಆದೇಶ ಕೇಳಬಹುದು, ನಷ್ಟ ಪರಿಹಾರ ಕೇಳಬಹುದು. ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರರನ್ನು ನೇಮಿಸಲು ಅರ್ಜಿ ಹಾಕಬಹುದು, ಮರದ ಪ್ರಕರಣಗಳಲ್ಲಿ ಅವರ ವರದಿಗೆ ಬೆಲೆ ಜಾಸ್ತಿ. ಆದರೆ ದಾವೆ ವರ್ಷಗಟ್ಟಲೆ ಎಳೆಯುತ್ತದೆ, ಅಷ್ಟರಲ್ಲಿ ಮರ ಇನ್ನೂ ಬೆಳೆದಿರುತ್ತದೆ, ಪಕ್ಕದ ಮನೆಯವರೊಡನೆ ಮಾತು ನಿಂತಿರುತ್ತದೆ. ಹಾಗಾಗಿ ನನ್ನ ಸಲಹೆ, ದಾವೆ ಹೂಡುವ ಮುನ್ನವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಅವರು ಎದುರು ಪಾರ್ಟಿಯನ್ನು ಕರೆಸಿ ಕೂರಿಸುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲ, ಮೇಲ್ಮನವಿ ಇಲ್ಲ.

ಅದಕ್ಕೂ ಮೊದಲಿನ ಹೆಜ್ಜೆ ನೇರ ಮಾತು. ಇಲ್ಲಿ ಏನು ಕೇಳುತ್ತೀರಿ ಎಂಬುದು ಮುಖ್ಯ. "ಮರ ಕಡಿಸಿ" ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನೋಟಕ್ಕೆ ಇಡೀ ಮರ ಹೋಗಬೇಕಾಗಿಯೂ ಇಲ್ಲ. ಮಲೆನಾಡಿನ ತೋಟಗಳಲ್ಲಿ ಇದಕ್ಕೆ ಬೇಕಾದ ಕೆಲಸ ವರ್ಷ ವರ್ಷ ನಡೆಯುತ್ತಲೇ ಇರುತ್ತದೆ, ಅದೇ ಮರಗಸಿ. ಕಾಫಿಗೆ ಬಿಸಿಲು ನೆರಳು ಹದವಾಗಲೆಂದು ನುರಿತ ಆಳುಗಳು ಮರ ಹತ್ತಿ ಕೊಂಬೆ ಸವರುತ್ತಾರೆ. ಬೇಲಿ ಸಾಲಿನ ಸಿಲ್ವರ್ ಓಕನ್ನು ತೋಟದವರು ಹಾಕಿರುವುದು ಮೆಣಸಿನ ಬಳ್ಳಿ ಹಬ್ಬಿಸಲು, ಅದು ಅವರ ಅನ್ನ. ಬಳ್ಳಿ ಹಬ್ಬುವುದು ಕಾಂಡಕ್ಕೆ; ಅಡ್ಡ ಕೊಂಬೆಗಳನ್ನು ಸವರಿದರೆ ಮೆಣಸಿಗೂ ಬೆಳಕು, ಈಚೆಯ ಜಗಲಿಗೂ ಕಣಿವೆ. "ಅಣ್ಣಾ, ಈ ಸಲ ಮರಗಸಿ ಮಾಡಿಸುವಾಗ ಬೇಲಿ ಸಾಲಿಂದೂ ಒಟ್ಟಿಗೆ ಮಾಡಿಸಿಬಿಡೋಣ, ಆ ಸಾಲಿನ ಕೂಲಿ ನಾನು ಕೊಡ್ತೀನಿ" ಎಂದು ಕೇಳಿದವರಿಗೆ ಇಲ್ಲ ಎನ್ನುವವರು ಕಡಿಮೆ. ಊರಿನ ಮನೆಗಳಲ್ಲೂ ಇದೇ ಮಾತು ನಡೆಯುತ್ತದೆ: ಅನುಮತಿಯ ಅರ್ಜಿಗೆ ಸಹಿ ಅವರದು, ಓಡಾಟ ಮತ್ತು ಖರ್ಚು ನಿಮ್ಮದು. ಮರದ ತಲೆಯನ್ನೇ ಹಾರಿಸಬೇಡಿ. ಹಾಗೆ ಮಾಡಿದರೆ ಗಾಯದ ಸುತ್ತ ಹತ್ತಾರು ಚಿಗುರು ಎದ್ದು ಮುಂಚಿಗಿಂತ ದಟ್ಟವಾಗುತ್ತದೆ, ಆ ಚಿಗುರಿನ ಕೊಂಬೆಗಳು ಗಟ್ಟಿಯಾಗಿ ನಿಲ್ಲುವುದೂ ಇಲ್ಲ. ಒಳಗಿನ ಕೊಂಬೆಗಳನ್ನು ಆಯ್ದು ಬಿಡಿಸಿದರೆ ಎಲೆಗಳ ನಡುವೆಯೇ ಬೆಟ್ಟ ಕಾಣುತ್ತದೆ.

ಒಪ್ಪಿಗೆಯಾದದ್ದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ: ಯಾವ ಮರ, ಯಾವ ಕೊಂಬೆ, ವರ್ಷಕ್ಕೆ ಎಷ್ಟು ಸಲ, ಯಾವ ತಿಂಗಳು, ಖರ್ಚು ಯಾರದು. ಹೊಸದಾಗಿ ಸೈಟು ಅಥವಾ ಮನೆ ಕೊಳ್ಳುವವರು ನೋಟಕ್ಕೆಂದು ಹೆಚ್ಚು ದುಡ್ಡು ಕೊಡುವ ಮುನ್ನ ಎದುರಿನ ಜಾಗ ಯಾರದು, ಅಲ್ಲಿ ಏನು ನೆಟ್ಟಿದ್ದಾರೆ ಎಂದು ನೋಡಿಕೊಳ್ಳಿ. ಮಾತುಕತೆ ಮುರಿದು ಬಿದ್ದರೆ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ವಕೀಲರ ನೆರವೂ ಅಲ್ಲಿ ಉಚಿತ.